ಒಂದು ಕಿವಿಗೆ ಫ್ರೆಂಚು, ಒಂದು ಕಿವಿಗೆ ಕೊಬ್ಬರಿ

ಅರಳಗುಪ್ಪೆ
9 ಜೂನ್ 2024

ಲೇ ಬಿಲಾಲ,

ನೀನು ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ ಅಂತ ಗೊತ್ತಾಗಲು ಒಂದು ವಾರ ಹಿಡಿಯಿತು. ಮಂಗಳೂರಲ್ಲಿ ಮಳೆ, ನೆಟ್‌ವರ್ಕ್ ಇಲ್ಲವೇನೋ ಅಂದುಕೊಂಡಿದ್ದೆ. ಆಮೇಲೆ ನಿನ್ನ ತಂಗಿ ರುಕ್ಸಾನಳ ಫೋನಿಂದ ಮಾಡಿದಾಗ ಮೊದಲ ರಿಂಗಿಗೇ ಎತ್ತಿ, ನನ್ನ ದನಿ ಕೇಳಿದ ಕೂಡಲೇ ಇಟ್ಟೆಯಲ್ಲ, ಆಗ ತಿಳಿಯಿತು. ಸರಿ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ. ವಿಳಾಸ ರುಕ್ಸಾನಳೇ ಕೊಟ್ಟಳು, ಅವಳನ್ನು ಬೈಯಬೇಡ.

ನಿಮ್ಮ ಗ್ಯಾರೇಜಿನ ಮುಂದೆ, ನಿಮ್ಮಪ್ಪ ಸನಾವುಲ್ಲಾ ಸಾಹೇಬರ ಎದುರಿಗೇ ನಿನ್ನನ್ನು ಚಾಡಿಕೋರ ಅಂದೆ. ಈಗಲೂ ಅನ್ನುತ್ತೇನೆ. ಇಬ್ಬರೂ ಕೂಡಿ ಮಂಗಳೂರಿಗೆ ಹೋಗಿ ಗೇರುಬೀಜದ ಕಂಪನಿಯ ಇಂಟರ್‌ವ್ಯೂ ಕೊಡುವುದು, ಆಯ್ಕೆಯಾದರೆ ಆಫ್ರಿಕಾದ ಕೊಟೊನೂ ಅನ್ನುವ ಊರಲ್ಲಿ ಅವರ ಗೋಡೌನಿಗೆ ಹೋಗುವುದು ಅಂತ ಮಾತಾಗಿತ್ತು. ಇದು ಗೊತ್ತಿದ್ದದ್ದು ನಿನಗೆ, ನನಗೆ. ಹೊರಡುವ ಹಿಂದಿನ ದಿನ ಅಪ್ಪನಿಗೆ ಗೊತ್ತಾಯಿತು. ನಾನಂತೂ ಹೇಳಿಲ್ಲ.

ಅಪ್ಪ ಬೈಯಲಿಲ್ಲ. ಬ್ಯಾಗಿನಿಂದ ನನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು, ಆಗ ತಾನೇ ಒಗೆದು ಹಿಂಡಿದವೇನೋ ಅನ್ನುವ ಹಾಗೆ ಹಗ್ಗದ ಮೇಲೆ ಹರವಿದ. ಆಮೇಲೆ ಅಂದ, "ಈ ಅಟ್ಟ ಇಳೀಲಿ ಕಣ್ಲಾ. ಆಮ್ಯಾಕೆ ಹೋಗುವಂತೆ."

ನಿನಗೆ ಗ್ಯಾರೇಜು ಗೊತ್ತು, ಅಟ್ಟ ಗೊತ್ತಿಲ್ಲ. ಉಂಡೆ ಕೊಬ್ಬರಿ ಬೇಕೆಂದರೆ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟುಬಿಡಬೇಕು. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಕೂರುತ್ತದೆ. ಆಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಅಂತ ಒಣ ಸದ್ದು ಬಂದರೆ ಕೆಳಗೆ ಇಳಿಸಬೇಕು, ಬರದಿದ್ದರೆ ವಾಪಸ್ ಇಡಬೇಕು. ಆತುರಬಿದ್ದು ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಚೂರಾಗುತ್ತದೆ. ಚೂರನ್ನು ಕೊಬ್ಬರಿ ಮಂಡಿಯ ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ.

ಈ ಕೇಳುವ ಕೆಲಸವನ್ನು ನಮ್ಮ ಮನೆಯಲ್ಲಿ ಹೊರಗಿನವರಿಗೆ ಬಿಡುವುದಿಲ್ಲ. ತಾತ ಕೇಳುತ್ತಿದ್ದ, ಆಮೇಲೆ ಅಪ್ಪ. ಅಪ್ಪನ ಕಿವಿ ಪೂರ್ತಿ ಹೋದದ್ದು ನಿನಗೇ ಗೊತ್ತು. ಮೆಷಿನ್ ತಂದುಕೊಟ್ಟರೆ ತಲೆಯೊಳಗೆ ಜೀರುಂಡೆ ಕೂಗುತ್ತದೆ ಅಂತ ಬಿಚ್ಚಿಟ್ಟ. ಹಾಗಾಗಿ ಈಗ ಮನೆಯ ಕಿವಿ ನಾನು. ಅಟ್ಟ ಇಳಿಯಲಿ ಅಂತಾನೆ, ಆದರೆ ಯಾವ ಅಟ್ಟ? ಈ ಮೂಲೆ ಖಾಲಿಯಾಗುವ ಹೊತ್ತಿಗೆ ಆ ಮೂಲೆಗೆ ಹೊಸ ಕಾಯಿ ಏರಿರುತ್ತದೆ. ಹುಟ್ಟಿದಾಗಿನಿಂದ ನಮ್ಮ ಅಟ್ಟ ಖಾಲಿ ಇದ್ದದ್ದನ್ನು ನಾನು ನೋಡಿಲ್ಲ.

ನನಗೆ ಅಂತ ನೀನು ರುಕ್ಸಾನಳ ಹತ್ತಿರ ಬಿಟ್ಟುಹೋದ ಮೆಮೊರಿ ಕಾರ್ಡು ಸಿಕ್ಕಿತು. ತನ್ನ ಹೊಲಿಗೆಯ ಗುಂಡಿಗಳ ಡಬ್ಬಿಯಲ್ಲಿ ಕಳೆದುಹೋಗದಿರಲಿ ಅಂತ ಅವಳು ಅದಕ್ಕೆ ಕೆಂಪು ದಾರ ಸುತ್ತಿಟ್ಟಿದ್ದಳು. ಹಾಕಿ ನೋಡಿದರೆ ಬರೀ ಫ್ರೆಂಚ್ ಪಾಠ. ನನ್ನನ್ನು ಸಮಾಧಾನ ಮಾಡಲು ಕೊಟ್ಟೆಯೋ, ಉರಿಸಲು ಕೊಟ್ಟೆಯೋ? ಅದನ್ನಾದರೂ ಬರಿ.

ಜ್ಞಾನೇಶ


ಮಂಗಳೂರು
23 ಜೂನ್ 2024

ಜ್ಞಾನಿ,

ನಂಬರ್ ಅನ್‌ಬ್ಲಾಕ್ ಮಾಡುವುದಿಲ್ಲ. ಫೋನಲ್ಲಿ ನೀನು ಬಾಯಿಗೆ ಬಂದದ್ದು ಬೈಯುತ್ತೀಯ. ಕಾಗದದಲ್ಲಾದರೆ ಸ್ವಲ್ಪ ಯೋಚನೆ ಮಾಡಿ ಬೈಯುತ್ತೀಯ, ಓದಲು ಚೆನ್ನಾಗಿರುತ್ತದೆ.

ನಡೆದದ್ದು ಇಷ್ಟು. ನಿಮ್ಮಪ್ಪ ಬೈಕಿನ ಬ್ರೇಕ್ ಬಿಗಿ ಮಾಡಿಸಲು ಬಂದರು. ಬ್ರೇಕ್ ನೆಟ್ಟಗೇ ಇತ್ತು. ನನ್ನ ಎದುರಿಗೆ ನಿಂತು, ಎಲ್ಲಾ ಗೊತ್ತಿದ್ದವರ ಹಾಗೆ, ಯಾವತ್ತು ಹೊರಟಿದ್ದೀರಪ್ಪ ಅಂತ ಕೇಳಿದರು. ನಾನು ಬಾಯಿ ಬಿಡಲಿಲ್ಲ, ಅಲ್ಲಾಹನ ಆಣೆ. ಪಕ್ಕದಲ್ಲಿ ನಮ್ಮ ಗ್ಯಾರೇಜಿನ ಗಂಗರಾಜು ಟಯರ್ ಬಿಚ್ಚುತ್ತಿದ್ದ. ಅವನು ಎಲ್ಲಿ ಒದರಿಬಿಡುತ್ತಾನೋ ಅಂತ, "ನಾಳೆ ಅಂತ ಬಾಯ್ಬಿಡಬ್ಯಾಡ ಕಣ್ಲಾ" ಅಂತ ಪಿಸುಗುಟ್ಟಿದೆ. ಅಷ್ಟೇ. ಕಿವಿ ಕೇಳದವರ ಮುಂದೆ ಪಿಸುಗುಟ್ಟಿದರೆ ಏನು ಕೆಟ್ಟುಹೋಗುತ್ತದೆ ಹೇಳು? ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಬೈಕ್ ಒದ್ದು ಹೊರಟುಹೋದರು. ಹೇಗೆ ತಿಳಿಯಿತೋ ನನಗೆ ಇವತ್ತಿಗೂ ತಿಳಿದಿಲ್ಲ.

ಇಲ್ಲಿ ಒಂದೇ ರೂಮಲ್ಲಿ ಎಂಟು ಜನ. ನನಗೆ ವರ್ಕ್‌ಶಾಪಲ್ಲಿ ಕೆಲಸ. ಗೇರು ಸಿಪ್ಪೆಯ ಎಣ್ಣೆ ತಗುಲಿ ಬೆರಳುಗಳ ಚರ್ಮ ಏಳುತ್ತದೆ. ಕೊಟೊನೂಗೆ ನನ್ನ ಸರದಿ ಬರುವುದು ಹೊಸ ವರ್ಷದಲ್ಲಿ. ಡಿಸೆಂಬರಲ್ಲಿ ಇನ್ನೊಂದು ಸಲ ಆಯ್ಕೆ ಮಾಡುತ್ತಾರಂತೆ, ಅದೂ ಫೋನಲ್ಲೇ. ಕೊಟೊನೂ ಕಡೆಯವನೊಬ್ಬ ಫ್ರೆಂಚಲ್ಲಿ ಮಾತಾಡಿಸುತ್ತಾನೆ. ಅವನ ಮಾತಿಗೆ ಜವಾಬು ಕೊಟ್ಟವನಿಗೆ ಕೆಲಸ, ಓದು ಎಷ್ಟಾದರೂ ಇರಲಿ. ನಮ್ಮ ಹತ್ತನೇ ಕ್ಲಾಸು ಸಾಕು.

ಕಾರ್ಡು ಉರಿಸಲು ಕೊಟ್ಟದ್ದಲ್ಲ. ಕೇಳು.

ಬಿಲಾಲ್


ಅರಳಗುಪ್ಪೆ
18 ಆಗಸ್ಟ್ 2024

ಲೇ ಬಿಲಾಲ,

ನೀನು ಹೇಳಿದ್ದನ್ನು ಅರ್ಧ ನಂಬಿದ್ದೇನೆ. ಉಳಿದರ್ಧ ನೀನು ಊರಿಗೆ ಬಂದಾಗ.

ಕಾರ್ಡಿನ ಮೇಡಂ ಜೊತೆ ಎರಡು ತಿಂಗಳಿಂದ ಸಂಸಾರ ಮಾಡುತ್ತಿದ್ದೇನೆ. ಹೆಸರು ಗೊತ್ತಿಲ್ಲ, ಮೇಡಂ ಅಂತಲೇ ಕರೆಯುತ್ತೇನೆ. ಒಂದು ಪದ ಹೇಳುತ್ತಾಳೆ, ಸುಮ್ಮನಾಗುತ್ತಾಳೆ. ಆ ಬಿಡುವಿನಲ್ಲಿ ನಾನು ಹೇಳಬೇಕು. ಮತ್ತೆ ಹೇಳುತ್ತಾಳೆ, ನಾನು ತಿದ್ದಿಕೊಳ್ಳಬೇಕು. ಬೇರೆ ಯಾವುದೋ ಪದಕ್ಕೆ ಹೋದವಳು, ಮರೆತೆ ಅನ್ನುವ ಹೊತ್ತಿಗೆ ತಟಕ್ಕನೆ ಹಳೆಯದನ್ನು ಕೇಳುತ್ತಾಳೆ. ಅವಳಿಗಿಂತ ಮೊದಲೇ ನನ್ನ ಬಾಯಲ್ಲಿ ಬಂದರೆ ಆ ಪಾಠ ಮುಗಿಯಿತು ಅಂತ ಲೆಕ್ಕ, ಮುಂದಿನದಕ್ಕೆ ಹೋಗುತ್ತೇನೆ. ಬಾರದಿದ್ದರೆ ಮಾರನೆಯ ದಿನ ಮತ್ತೆ ಅದೇ.

ಮೊದಮೊದಲು ಒಂದೂ ನಿಲ್ಲುತ್ತಿರಲಿಲ್ಲ. ಆಮೇಲೆ ಒಂದು ದಾರಿ ಕಂಡುಕೊಂಡೆ. ಪದವನ್ನು ಸಾಮಾನಿಗೆ ತಗುಲಿಹಾಕುವುದು. ಏಣಿ ಮುಟ್ಟಿದರೆ ಎಷೆಲ್. ಹಗ್ಗ ಹಿಡಿದರೆ ಕೊರ್ದ್. ಕೆಳಗಿನ ಒಲೆಯಿಂದ ಅಟ್ಟಕ್ಕೆ ಹೊಗೆ ಬಂದರೆ ಫ್ಯುಮೆ. ಅಟ್ಟದಲ್ಲಿ ಇಲ್ಲದ್ದು ನೆನಪಿರುವುದಿಲ್ಲ. ಸಮುದ್ರಕ್ಕೆ ಏನೋ ಅನ್ನುತ್ತಾಳೆ, ಎಷ್ಟು ಸಲ ಕೇಳಿದರೂ ಹಾರಿಹೋಗುತ್ತದೆ. ಒಂದು ಸಲ ರುಕ್ಸಾನಳ ಫೋನಲ್ಲಿ ಪದಗಳನ್ನು ಬರೆದದ್ದು ನೋಡಿದೆ. ಬರೆಯುವುದೊಂದು, ಹೇಳುವುದೊಂದು. ಅದನ್ನು ನೋಡಿ ಬಂದ ಪದಗಳೂ ಮರೆತವು. ಅವತ್ತಿನಿಂದ ಕಣ್ಣು ಬೇಡ, ಬರೀ ಕಿವಿ.

ಅದೂ ಒಂದೇ ಕಿವಿ. ಎಡಗಿವಿಗೆ ಇಯರ್‌ಫೋನ್, ಬಲಗಿವಿಗೆ ಕಾಯಿ. ಅಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ತೊಲೆ ತಲೆಗೆ ಬಡಿಯುತ್ತದೆ. ಬೆಳಗಿನಿಂದ ಕುಕ್ಕರಗಾಲಲ್ಲಿ ಕೂತು ಕಾಯಿ ಅಲ್ಲಾಡಿಸುತ್ತಾ ಏರ್‌ಪೋರ್ಟಿನ ಪಾಠ ಹೇಳುತ್ತಿರುತ್ತೇನೆ. ನನ್ನ ಪೆಟ್ಟಿಗೆ ಕಾಣುತ್ತಿಲ್ಲ, ನಾನು ಕಿಟಕಿಯ ಪಕ್ಕ ಕೂರಬೇಕು ಅಂತ. ನಗಬೇಡ. 

ಅಮ್ಮ ಒಂದು ದಿನ ಏಣಿಯಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ. ಕೆಳಗಿಳಿದ ಮೇಲೆ ಹಿಡಿದಳು. "ಯಾವಳೋ ಅವಳು? ಒಂದೇ ಮಾತ್ನ ನಿನ್ ಕೈಲಿ ನಾಕ್ ನಾಕ್ ಸಲ ಹೇಳಿಸ್ತಾಳಲ್ಲ, ತಲೆ ನೆಟ್ಟಗೈತಾ ಅವಳಿಗೆ?" ಪಾಠ ಅಂದೆ. ನಂಬಿದಳೋ ಇಲ್ಲವೋ, ಸಂಜೆ ದೃಷ್ಟಿಗೆ ಅಂತ ನಿಂಬೆಹಣ್ಣು ಇಳಿ ತೆಗೆದಳು. ಕೊಬ್ಬರಿ ಒಡೆಯಲು ಬರುವ ರಾಮಕ್ಕ ಮಾತ್ರ, ಹುಡುಗ ಈಚೆಗೆ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರ ಹಾಗೆ ಬಾಯಿ ಬಿಟ್ಟು ಮಾತಾಡುತ್ತಾನೆ ಅಂತ ಎಲ್ಲರನ್ನೂ ನಗಿಸುತ್ತಾಳೆ.

ಅಪ್ಪ ಎದುರಿಗೇ ಕೂತಿದ್ದರೂ ನನಗೆ ಚಿಂತೆಯಿಲ್ಲ. ಕೂಗಿ ಹೇಳಿದರೂ ಅವನಿಗೆ ಕೇಳುವುದಿಲ್ಲ. ಹೊಸ ಕಾಯಿ ಮೊನ್ನೆಯೇ ಏರಿತು, ಈಶಾನ್ಯದ ಮೂಲೆಗೆ. ನಾನೇ ಎಸೆದೆ, ಅಪ್ಪ ಮೇಲೆ ಕೂತು ಹಿಡಿದ. ನನ್ನ ಬೀಗಕ್ಕೆ ನಾನೇ ಕಬ್ಬಿಣ ಎತ್ತಿಕೊಟ್ಟ ಹಾಗಾಯಿತು.

ಡಿಸೆಂಬರ್ ಯಾವ ತಾರೀಕು ಅಂತ ವಿಚಾರಿಸಿ ಬರಿ.

ಜ್ಞಾನೇಶ


ಮಂಗಳೂರು
15 ಸೆಪ್ಟೆಂಬರ್ 2024

ಜ್ಞಾನಿ,

ತಾರೀಕು ಇನ್ನೂ ಹೇಳಿಲ್ಲ. ನಿನ್ನ ಹೆಸರು, ನಂಬರ್ ಆಫೀಸಿನಲ್ಲಿ ಕೊಟ್ಟಿದ್ದೇನೆ. ಯಾರು ಅಂತ ಕೇಳಿದರು. ತಿಪಟೂರು ಕಡೆ ಕೊಬ್ಬರಿ ಮನೆಯವನು, ಅಲ್ಲಾಡಿಸಿ ನೋಡಿ ಒಳಗೆ ಏನಿದೆ ಹೇಳುತ್ತಾನೆ ಅಂದೆ. ಗೇರುಬೀಜದ ಚೀಲ ಒದ್ದೆಯೋ ಒಣಗಿದೆಯೋ ನೋಡುವವನೇ ಬೇಕಂತೆ ಅವರಿಗೆ, ಬರೆದುಕೊಂಡರು.

ಏರ್‌ಪೋರ್ಟು, ಹೋಟೆಲು ಬಿಡು. ಹೋಗಿ ಬಂದವರು ಹೇಳುವುದು, ಹಮಾಲರ ಜೊತೆ ಬೇಕಾಗುವುದು ಚೀಲ, ಒದ್ದೆ, ಒಣಗಿದ್ದು, ಹರಿದಿದೆ, ನಾಳೆ ಬಾ. ಇಂಥವು. ಅದನ್ನು ಗಟ್ಟಿಮಾಡು.

ಇನ್ನೊಂದು ಮಾತು. ಈ ಸಲ ನಿಮ್ಮಪ್ಪನ ಹತ್ತಿರ ನೇರವಾಗಿ ಕೇಳು. ಹೋದ ಸಲದ್ದೇ ಇನ್ನೂ ನನ್ನ ತಲೆ ಮೇಲಿದೆ. ನಮ್ಮ ಅಬ್ಬಾ ನಿಮ್ಮಪ್ಪನನ್ನು ಸಂತೆಯಲ್ಲಿ ಕಂಡು ಮಾತಾಡಿಸಿದರೆ ಮುಖ ತಿರುಗಿಸಿದರಂತೆ.

ಬಿಲಾಲ್


ಅರಳಗುಪ್ಪೆ
10 ನವೆಂಬರ್ 2024

ಲೇ ಬಿಲಾಲ,

ಒಂದು ದಿನ ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ. ಅಷ್ಟೇ ನಾನು ಮಾಡಿದ ತಪ್ಪು.

ಕೆಳಗೆ ರಾಮಕ್ಕನ ಕಡೆಯ ಹೆಂಗಸರು ಹರಟೆ ಹೊಡೆಯುತ್ತಾ ಚಿಪ್ಪು ಒಡೆಯುತ್ತಿದ್ದರು, ಮೇಡಂ ಮಾತು ಒಂದೂ ಹತ್ತುತ್ತಿರಲಿಲ್ಲ. ಒದ್ದೆ ಅನ್ನುವುದಕ್ಕೆ ಒಂದು ಪದ ಇದೆ, ಮೂಯೆ ಅಂತ. ಅದು ನನ್ನ ಬಾಯಿಗೆ ಬಗ್ಗುತ್ತಿರಲಿಲ್ಲ. ಇದೊಂದು ಗಟ್ಟಿಯಾಗಲಿ ಅಂತ ಬಲಗಿವಿಗೂ ತುರುಕಿಕೊಂಡೆ. ಕೈ ತನ್ನ ಪಾಡಿಗೆ ಕಾಯಿ ಎತ್ತಿ ಅಲ್ಲಾಡಿಸಿ ಕೆಳಗೆ ಬಿಡುತ್ತಿತ್ತು. ಎರಡು ವರ್ಷದ ಅಭ್ಯಾಸ, ಕೇಳುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಪಾಠ ಮುಗಿಯಿತು, ಮೂಯೆ ಬಂತು, ಖುಷಿಯಲ್ಲಿ ಇಯರ್‌ಫೋನ್ ತೆಗೆದರೆ ಕೆಳಗೆ ಒಬ್ಬರೂ ಮಾತಾಡುತ್ತಿಲ್ಲ.

ಇಳಿದು ನೋಡಿದೆ. ಒಡೆದದ್ದರಲ್ಲಿ ಅರ್ಧಕ್ಕೆ ಅರ್ಧ ಹಸಿ. ತಿರುಳು ಚಿಪ್ಪಿಗೆ ಕಚ್ಚಿಕೊಂಡಿದೆ, ಕೆಲವದರಲ್ಲಿ ಇನ್ನೂ ನೀರಿದೆ. ರಾಮಕ್ಕ ಒಂದು ಹೋಳನ್ನು ನನ್ನ ಮುಂದೆ ಹಿಡಿದಳು. ಅಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಅಷ್ಟರಲ್ಲಿ ಅಪ್ಪ ತೋಟದಿಂದ ಬಂದ.

ಬೈಯುತ್ತಾನೆ ಅಂತ ಕಾದೆ. ಅವನು ಒಡೆದ ರಾಶಿಯನ್ನು ನೋಡಿದ, ನನ್ನ ಕೊರಳಲ್ಲಿ ನೇತಾಡುತ್ತಿದ್ದ ವೈರನ್ನು ನೋಡಿದ. ಆಮೇಲೆ ಒಡೆಯದೆ ಉಳಿದ ರಾಶಿಯ ಮುಂದೆ ಕೂತು ಒಂದು ಕಾಯಿ ಎತ್ತಿಕೊಂಡ. ಕಿವಿಯ ಹತ್ತಿರ ಒಯ್ಯಲಿಲ್ಲ ಕಣೋ. ಎದೆಯ ಮಟ್ಟದಲ್ಲಿ ಎರಡೂ ಅಂಗೈ ನಡುವೆ ಹಿಡಿದು ಸುಮ್ಮನೆ ಒಮ್ಮೆ ಕುಲುಕಿ ಬಲಕ್ಕೆ ಇಟ್ಟ. ಇನ್ನೊಂದು ಎಡಕ್ಕೆ. ಇನ್ನೊಂದು ಎಡಕ್ಕೆ. ಕಣ್ಣು ಬೇರೆ ಎಲ್ಲೋ ಇತ್ತು. ರಾಶಿ ಮುಗಿದ ಮೇಲೆ ಬಲಗಡೆಯದನ್ನು ಒಡೆ ಅಂತ ರಾಮಕ್ಕನಿಗೆ ಕೈಸನ್ನೆ ಮಾಡಿದ. ಒಡೆದಳು. ಒಂದೊಂದೂ ಗುಂಡಗೆ, ಒಣಗಿ, ಚಿಪ್ಪಿನಿಂದ ಉರುಳಿ ಬಿತ್ತು.

ನಾನು ಅಲ್ಲೇ ನಿಂತೆ. ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಒಳಗಿನ ಉಂಡೆ ಚಿಪ್ಪಿಗೆ ಬಡಿಯುವುದು ಅವನ ಅಂಗೈಗೆ ತಿಳಿಯುತ್ತದೆ. ಕಿವಿ ಹೋದ ದಿನದಿಂದಲೂ ತಿಳಿಯುತ್ತಿದ್ದಿರಬೇಕು. ಹಾಗಾದರೆ ಎರಡು ವರ್ಷದಿಂದ ನನ್ನನ್ನು ಯಾಕೆ ಅಲ್ಲಿ ಕೂರಿಸಿದ್ದಾನೆ?

ಎದುರಿಗೆ ಹೋಗಿ ಕೇಳಿದೆ. ನನ್ನ ಕಿವಿ ಇಲ್ಲದೆ ಅಟ್ಟ ಇಳಿಯಲ್ಲ ಅಂದಿದ್ದೆಯಲ್ಲ ಅಂತ. ಅಪ್ಪ ಮಟ್ಟೆಯ ಧೂಳು ಕೊಡವಿಕೊಂಡು ಎದ್ದ.

"ಕಿವಿ ಹೋಗೈತೆ ಅಂದೆ. ಕೈ ಹೋಗೈತೆ ಅಂತ ಯಾವಾಗ್ಲಾ ಅಂದೆ?"

ರಾಮಕ್ಕನ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಕೆಲಸಕ್ಕೆ ಬೇಕು ಅಂತ ಇಟ್ಟುಕೊಂಡಿದ್ದರೆ ಸಿಟ್ಟು ಮಾಡಬಹುದಿತ್ತು. ಬೇಡದಿದ್ದರೂ ಇಟ್ಟುಕೊಂಡವನ ಹತ್ತಿರ ಏನಂತ ಜಗಳ ಆಡುವುದು? ಅವತ್ತಿನಿಂದ ಅಟ್ಟ ಹತ್ತಿಲ್ಲ. ತೋಟದ ಪಂಪ್‌ಹೌಸಿನಲ್ಲಿ ಕೂತು ಪಾಠ ಕೇಳುತ್ತೇನೆ. ಅಲ್ಲಿ ನೆಟ್ಟಗೆ ನಿಲ್ಲಬಹುದು, ಆದರೆ ನಿಂತು ಏನು ಮಾಡುವುದು ಅಂತ ತಿಳಿಯದೆ ಮತ್ತೆ ಕೂರುತ್ತೇನೆ.

ಜ್ಞಾನೇಶ


ಅರಳಗುಪ್ಪೆ
22 ಡಿಸೆಂಬರ್ 2024

ಲೇ ಬಿಲಾಲ,

ನಿನಗೆ ಆಫೀಸಿನಿಂದಲೇ ಗೊತ್ತಾಗಿರುತ್ತದೆ. ಆದರೂ ನನ್ನ ಬಾಯಿಂದ ಹೇಳಬೇಕು. ಆಯ್ಕೆಯಾಯಿತು.

ಫೋನ್ ಬಂದದ್ದು ಪಂಪ್‌ಹೌಸಿನ ಹತ್ತಿರ ಇದ್ದಾಗ. ಮೊದಲು ಮಂಗಳೂರಿನವರು ಮಾತಾಡಿ ಲೈನ್ ಕೊಟ್ಟರು. ಆ ಕಡೆಯವನು ಶುರು ಮಾಡಿದ ನೋಡು, ಜೋಳ ಹುರಿದ ಹಾಗೆ. ಮೇಡಂ ಹಾಗೆ ಒಂದು ಪದ, ಒಂದು ಬಿಡುವು ಇಲ್ಲವೇ ಇಲ್ಲ. ಇಷ್ಟು ತಿಂಗಳು ಬಾವಿಯಲ್ಲಿ ಈಜು ಕಲಿತವನನ್ನು ಕೆರೆಗೆ ಎತ್ತಿ ಹಾಕಿದ ಹಾಗೆ. ಆಮೇಲೆ ಹೇಗೋ ಒಂದು ಮಾತು ನೆನಪಾಯಿತು, ಪ್ಲೂ ಲಾಂತ್‌ಮಾಂ. ಇನ್ನೂ ನಿಧಾನಕ್ಕೆ ಅಂತ ಅರ್ಥ. ಅವನು ನಕ್ಕ. ನಕ್ಕು, ನಿಧಾನ ಮಾಡಿದ. ಚೀಲ ಒದ್ದೆಯಾಗಿದ್ದರೆ ಏನು ಮಾಡುತ್ತೀಯ ಅಂದ. ಹರವುತ್ತೇನೆ, ಕಾಯುತ್ತೇನೆ, ನಾಳೆ ನೋಡುತ್ತೇನೆ ಅಂದೆ. ಪದಗಳನ್ನು ಒಂದರ ಪಕ್ಕ ಒಂದು ಇಟ್ಟೆ ಅಷ್ಟೇ, ಗಾರೆ ಇಲ್ಲದ ಇಟ್ಟಿಗೆ. ಆದರೂ ಅವನಿಗೆ ತಿಳಿಯಿತು. ನನ್ನ ಬಾಯಿಂದ ಹೊರಟದ್ದು ಇನ್ನೊಬ್ಬ ಮನುಷ್ಯನಿಗೆ ತಿಳಿದದ್ದು ಅದೇ ಮೊದಲು.

ತಿರುಗಿದರೆ ಅಪ್ಪ. ಬಾಳೆಯ ಗಿಡದ ಪಕ್ಕ ಎಷ್ಟು ಹೊತ್ತಿಂದ ನಿಂತಿದ್ದನೋ. ಹತ್ತಿರ ಬಂದು ಕೇಳಿದ, "ಅಲ್ಲಿಗೆ ಹೋದ್ರೆ ಇಂಗೇ ಮಾತಾಡ್ತೀಯೇನ್ಲಾ?"

ಹೂಂ ಅಂದೆ.

"ಅವಾಗಿಂದ ನಿನ್ ಬಾಯ್ನೇ ನೋಡ್ತಿದೀನಿ. ಒಂದೂ ತಿಳೀಲಿಲ್ಲ."

ಬಾಯಿ ಯಾಕೆ ನೋಡುತ್ತೀಯ ಅಂದೆ. ಆಗ ಅಪ್ಪ ಹೇಳಿದ್ದನ್ನು ಕೂಡಿಸಿ ಬರೆಯುತ್ತೇನೆ, ಅವನು ಬಿಡಿಬಿಡಿಯಾಗಿ ಹೇಳಿದ. ಕಿವಿ ಹೋದ ಮೇಲೆ ಅವನು ಎಲ್ಲರ ಬಾಯಿ ನೋಡಲು ಶುರುಮಾಡಿದನಂತೆ. ಅಷ್ಟಿಷ್ಟು ಸಿಗುತ್ತದೆ, ನಾಳೆ, ಬಾ, ಹೋಗು, ಇಂಥವು. ಮಿಕ್ಕದ್ದು ಬರೀ ಅಲ್ಲಾಡುತ್ತದೆ. ಅಮ್ಮ ಕೂಗಾಡುತ್ತಾಳೆ, ಕೂಗಿದರೆ ಬಾಯಿ ಇನ್ನೂ ಕೆಡುತ್ತದೆ. ಮಂಡಿಯಲ್ಲಿ ಜನ ಇವನ ಮುಂದೆ ನಿಂತು ಪಕ್ಕದವರ ಜೊತೆ ಮಾತಾಡುತ್ತಾರೆ. ಈ ಮಳೆಗಾಲದಿಂದ ಈಚೆಗೆ ನನ್ನ ಬಾಯಿ ಮಾತ್ರ ಪೂರ್ತಿ ಕಾಣತೊಡಗಿತಂತೆ. ನಾನು ನಿಧಾನ ಮಾಡಿದ್ದೇನೆ, ತುಟಿ ಬಿಡಿಸಿ ಹೇಳುತ್ತೇನೆ, ಒಂದು ಮಾತು ಆದ ಮೇಲೆ ನಿಲ್ಲುತ್ತೇನೆ. ಏನಾಯಿತೋ ಇವನಿಗೆ, ನನಗೋಸ್ಕರ ಕಲಿತಿದ್ದಾನೆ ಅಂದುಕೊಂಡಿದ್ದನಂತೆ.

ನನಗೋಸ್ಕರ ಅಂತ ಅಂದುಕೊಂಡಿದ್ದ, ಬಿಲಾಲ. ಮೇಡಂ ಕಲಿಸಿದ ಬಾಯಿ ಅದು. ಅವನನ್ನು ಬಿಟ್ಟು ಹೋಗಲು ಕಲಿತ ಬಾಯಿ.

ಹೋದ ಸಲ ನೀನು ಗಂಗರಾಜುಗೆ ಪಿಸುಗುಟ್ಟಿದ್ದು ಅವನಿಗೆ ಹೇಗೆ ತಿಳಿಯಿತು ಅಂತ ಈಗ ನಿನಗೂ ಗೊತ್ತಾಯಿತಲ್ಲ. ಚಾಡಿಕೋರ ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಹೋಗುತ್ತೇನೆ ಅಂತ ಅವತ್ತು ಹೇಳಲಾಗಲಿಲ್ಲ. ಅವನೂ ಕೇಳಲಿಲ್ಲ. ಇಬ್ಬರೂ ಮೋಟರು ಆರಿಸಿ ಮನೆಗೆ ಬಂದೆವು. ದಾರಿಯುದ್ದಕ್ಕೂ ನಾನು ತಲೆ ತಗ್ಗಿಸಿದ್ದೆ, ಬಾಯಿ ಕಾಣಬಾರದು ಅಂತ.

ಜ್ಞಾನೇಶ


ಮಂಗಳೂರು
5 ಜನವರಿ 2025

ಜ್ಞಾನಿ,

ಇಪ್ಪತ್ತನೇ ತಾರೀಕು ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿರಬೇಕು. ಆ ದಿನ ತಪ್ಪಿದರೆ ನಿನ್ನ ಜಾಗಕ್ಕೆ ಬೇರೆಯವನನ್ನು ಹಾಕುತ್ತಾರೆ. ನನ್ನ ಪಕ್ಕದಲ್ಲೇ ನಿನಗೆ ಚಾಪೆ ಹಾಸಿಟ್ಟಿದ್ದೇನೆ. ಎರಡು ವರ್ಷದ ಕರಾರು, ನಡುವೆ ರಜೆ ಇಲ್ಲ, ಅದನ್ನೂ ತಿಳಿದುಕೋ.

ಆದರೆ ಹೇಳದೆ ಬರಬೇಡ. ನಿಮ್ಮಪ್ಪ ಏನಂದರು ಅಂತ ನಾನು ಮೊದಲು ಅದನ್ನೇ ಕೇಳುವುದು. ಆಮೇಲೆ ಬಾಕಿದ್ದು.

ನಂಬರ್ ಅನ್‌ಬ್ಲಾಕ್ ಮಾಡಿದ್ದೇನೆ. ಆದರೂ ಫೋನ್ ಮಾಡಬೇಡ, ಬರಿ.

ಬಿಲಾಲ್


ಹಾಸನ ಬಸ್‌ಸ್ಟ್ಯಾಂಡ್
19 ಜನವರಿ 2025

ಬಿಲಾಲ,

ಮಂಗಳೂರು ಬಸ್ಸಿಗೆ ಇನ್ನೂ ಹೊತ್ತಿದೆ, ಇಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸಂಜೆ ನಿನ್ನ ರೂಮಿಗೆ ಬಂದಾಗ ಇದನ್ನೇ ಕೈಗೆ ಕೊಡುತ್ತೇನೆ. ಎದುರಿಗೆ ಹೇಳಲು ನನ್ನಿಂದ ಆಗುವುದಿಲ್ಲ.

ನೀನು ಹೇಳಿದ ಹಾಗೆ ಕೇಳಿದೆ. ನಿನ್ನೆ ಊಟವಾದ ಮೇಲೆ, ಅಂಗಳದಲ್ಲಿ, ಬೆಳಕು ನನ್ನ ಮುಖದ ಮೇಲೆ ಬೀಳುವ ಕಡೆ ಕೂತೆ. ಅಮ್ಮ ಹೊಸ್ತಿಲಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ನಿಧಾನಕ್ಕೆ, ತುಟಿ ಬಿಡಿಸಿ, "ಅಪ್ಪಾ, ನಾನು ಹೋಗ್ಲಾ?" ಅಂದೆ.

ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದ. "ಕೇಳಿಸ್ಲಿಲ್ಲ" ಅಂದ.

ಇನ್ನೂ ನಿಧಾನ ಮಾಡಿ ಕೇಳಿದೆ. ಪದಕ್ಕೊಂದು ಬಿಡುವು ಕೊಟ್ಟೆ.

"ಕಿವಿ ಹೋಗೈತೆ ಕಣ್ಲಾ ನಂದು. ಗೊತ್ತಿಲ್ವಾ ನಿನಗೆ?"

ಸ್ವಲ್ಪ ಹೊತ್ತು ಬಿಟ್ಟು, ದನಿಯೇ ತೆಗೆಯದೆ ಬರೀ ಬಾಯಲ್ಲಿ ಕಾಫಿ ಕುಡಿಯುತ್ತೀಯಾ ಅಂದೆ. ಸಕ್ಕರೆ ಕಡಿಮೆ ಹಾಕು ಅಂದ.

ಕಾಫಿ ತಂದು ಕೊಟ್ಟೆ. ಮೂರನೇ ಸಲ ಕೇಳಿದೆ. ಲೋಟದೊಳಗೆ ನೋಡುತ್ತಾ ಕೂತ. ನೋಡದಿದ್ದರೆ ಕೇಳುವುದಿಲ್ಲವಲ್ಲ.

ಹೊಸ್ತಿಲ ಹತ್ತಿರ ಹೋಗಿ ಅಮ್ಮನಿಗೆ ಹೇಳಿದೆ, ನಾನು ಹೋಗುವುದಿಲ್ಲ ಅಂತ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಅವಳು ಮೊರವನ್ನು ಗೋಡೆಗೆ ಆನಿಸಿ ಇಟ್ಟಳು. ನನಗೆ ಗೊತ್ತಿರುವ ಅಮ್ಮ ಮಗನನ್ನು ತಬ್ಬಿಕೊಂಡು ಅಳುವವಳು. ನಿನ್ನೆ ಮಂಡಿಯ ದಲ್ಲಾಳಿಯ ಹಾಗೆ ಮಾತಾಡಿದಳು.

"ಕೇಳಿಸ್ಲಿಲ್ಲ ಅಂದ್ರು. ಬ್ಯಾಡ ಅಂದ್ರಾ?"

ಇಲ್ಲ ಅಂದೆ.

"ಅನ್ಲಿಲ್ವಲ್ಲ. ಹೊರಡು. ಅವರ ಬಾಯಿಂದ ಬ್ಯಾಡ ಅಂತ ಬಂದ್ಮ್ಯಾಲೆ ನೀನು ಹೋದ್ರೆ ತಪ್ಪಾಯ್ತದೆ. ಅದು ಬರೋಕ್ ಮುಂಚೆ ಹೊರಟೋಗು."

ಬೆಳಿಗ್ಗೆ ಅಪ್ಪ ಮನೆಯಲ್ಲಿರಲಿಲ್ಲ. ತೋಟಕ್ಕೆ ಹೋಗಿದ್ದಾನೆ ಅಂದಳು. ಬ್ಯಾಗು ಹಿಡಿದು ತಿಪಟೂರಿಗೆ ಬಂದು ಹಾಸನದ ಬಸ್ಸಲ್ಲಿ ಕೂತೆ, ಕಿಟಕಿಯ ಪಕ್ಕ. ಚೌಕಟ್ಟು ತುಕ್ಕು ಹಿಡಿದು ಕೂತಿತ್ತು, ಗಾಜು ಸರಿಯಲಿಲ್ಲ. ಡ್ರೈವರ್ ಎಂಜಿನ್ ಹಾಕಿದ. ಆಗ ಅಪ್ಪನ ಬೈಕು ಸ್ಟ್ಯಾಂಡಿನೊಳಗೆ ಬಂತು.

ಒಂದೊಂದು ಬಸ್ಸಿನ ಕಿಟಕಿಯನ್ನೂ ನೋಡುತ್ತಾ ಬಂದ. ನನ್ನ ಕಿಟಕಿಯ ಕೆಳಗೆ ನಿಂತ. ತಲೆಯ ಟವಲ್ ಕೈಯಲ್ಲಿತ್ತು. ಎಂಜಿನ್ ಸದ್ದು, ಮುಚ್ಚಿದ ಗಾಜು, ಏನು ಹೇಳಿದರೂ ನನಗೆ ಕೇಳುತ್ತಿರಲಿಲ್ಲ. ಅದು ಅವನಿಗೂ ಗೊತ್ತು. ಕತ್ತೆತ್ತಿ, ನಿಧಾನಕ್ಕೆ, ತುಟಿಗಳನ್ನು ಬಿಡಿಸಿ ಒಂದು ಮಾತು ಹೇಳಿದ. ನಿಲ್ಲಿಸಿದ. ನನಗೆ ಬಿಡುವು ಕೊಟ್ಟ. ಮತ್ತೆ ಅದೇ ಮಾತು ಹೇಳಿದ.

ಇಳಿ ಅಂದ, ಬಿಲಾಲ. ಮೊದಲನೇ ಸಲಕ್ಕೇ ತಿಳಿಯಿತು. ಅಷ್ಟು ಚೆನ್ನಾಗಿ ಕಂಡಿತು.

ನಾನು ಕಿವಿ ಮುಟ್ಟಿ ತೋರಿಸಿ, ಕೇಳಿಸುತ್ತಿಲ್ಲ ಅಂತ ತಲೆ ಅಲ್ಲಾಡಿಸಿದೆ.

ಅವನು ನನ್ನನ್ನೇ ನೋಡುತ್ತಿದ್ದ. ಮೂರನೇ ಸಲ ಬಾಯಿ ತೆರೆದ. ನಾನು ಕಿವಿಯಿಂದ ಕೈ ತೆಗೆಯಲಿಲ್ಲ. ಬಾಯಿ ಮುಚ್ಚಿದ. ಬಸ್ಸು ಹಿಂದಕ್ಕೆ ಸರಿದು ತಿರುಗಿಕೊಂಡಿತು. ಕಂಡಕ್ಟರ್ ಟಿಕೆಟಿಗೆ ಬಂದಾಗಲೂ ನನ್ನ ಕೈ ಅಲ್ಲೇ ಇತ್ತು. ಕಿವಿ ನೋವಾ ಅಂತ ಕೇಳಿದ.

ಓದಿ ಮಡಿಚಿಡು. ನಿಮ್ಮಪ್ಪ ಏನಂದರು ಅಂತ ಮಾತ್ರ ಕೇಳಬೇಡ. ನೀನು ಕೇಳಿದರೂ, ಯಾರು ಕೇಳಿದರೂ, ಕೇಳಿಸಲಿಲ್ಲ ಅಂತಲೇ ಹೇಳುತ್ತೇನೆ.

ಜ್ಞಾನೇಶ